ಐ-ಐ ಮತ್ತು ಬಾತು: ಎರಡು ಬಗೆಯ ಅಪೂರ್ವತೆ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ಸಿಂಹಾದಿವರ್ಗದ ನೆನಪಿರಬಹುದು. ಆ ಒಂದೇ ವರ್ಗದಲ್ಲಿ ಸಿಂಹ, ಹುಲಿಗಳೊಡನೆ ಕೋತಿಯೂ ಇದೆ, ಇಲಿಯೂ ಇದೆ, ಹಂಸವೂ ಇದೆ, ದುಂಬಿಯೂ ಇದೆ. ಇದನ್ನು ಇಂದಿನ ಪ್ರಾಣಿಶಾಸ್ತ್ರದ ವಿದ್ಯಾರ್ಥಿ ನೋಡಿದರೆ ನಕ್ಕಾನು. ಆದರೆ ಕೋಶಕಾರನನ್ನು ದೂರಲು ಕಾರಣವಿಲ್ಲ. ಕಾವ್ಯ ಕಟ್ಟುವವನಿಗೆ ಬೇಕಾದದ್ದು ಪರ್ಯಾಯಪದಗಳು. ಹಂಸಕ್ಕೂ ಕೋತಿಗೂ ಇರುವ ನೆಂಟಸ್ತನ ಅವನಿಗೆ ಬೇಕಿಲ್ಲ. ಯಾವ ವರ್ಗೀಕರಣವಾದರೂ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಪ್ರಶ್ನೆ ಬದಲಾದರೆ ವರ್ಗವೂ ಬದಲಾಗುತ್ತದೆ.

ಇಂದು ಜೀವಲೋಕವನ್ನು ಕುರಿತು ವಿಜ್ಞಾನಿಗಳು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವುದು ಯಾವುದಕ್ಕೆ ನೆಂಟ ಎಂಬುದು ಮೊದಲನೆಯದು. ಇದರ ಉತ್ತರವೇ ಜೀವವರ್ಗೀಕರಣ. ಯಾವುದು ಎಷ್ಟು ಉಳಿದಿದೆ ಎಂಬುದು ಎರಡನೆಯದು. ಇದರ ಉತ್ತರವಾಗಿ ಹುಟ್ಟಿದ್ದು 1948ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ‘ಕೆಂಪು ಪಟ್ಟಿ’. ಅಪೂರ್ವವಾದ ಪ್ರಾಣಿ ಎಂದಾಗ ನಾವು ಈ ಎರಡನ್ನೂ ಒಂದರೊಳಗೊಂದು ಬೆರೆಸಿ ಮಾತನಾಡುತ್ತೇವೆ. ಆದರೆ ಅಪೂರ್ವತೆಯಲ್ಲಿ ಎರಡು ಬಗೆಯುಂಟು. ಬಂಧುಗಳಿಲ್ಲದೆ ಅಪೂರ್ವವಾದದ್ದು ಒಂದು. ಬಂಧುಗಳಿದ್ದೂ ಎಣಿಕೆಗೆ ಸಿಕ್ಕಷ್ಟೇ ಉಳಿದು ಅಪೂರ್ವವಾದದ್ದು ಇನ್ನೊಂದು. ಈ ಭೇದವನ್ನು ತಿಳಿಯಲು ಮಡಗಾಸ್ಕರ್ ದ್ವೀಪದ ಎರಡು ಜೀವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು ಐ-ಐ ಎಂಬ ಲೀಮರ್; ಇನ್ನೊಂದು ಮಡಗಾಸ್ಕರ್ ಪೋಚಾರ್ಡ್ ಎಂಬ ಬಾತು.

ಮಡಗಾಸ್ಕರ್ ಆಫ್ರಿಕದ ಆಗ್ನೇಯಕ್ಕೆ ಹಿಂದೂ ಮಹಾಸಾಗರದಲ್ಲಿರುವ ದ್ವೀಪ. ವಿಸ್ತಾರ ಸುಮಾರು 5,87,000 ಚದರ ಕಿಲೋಮೀಟರ್. ಎಂದರೆ ನಮ್ಮ ಕರ್ನಾಟಕದ ಮೂರರಷ್ಟು. ಒಂದು ಕಾಲಕ್ಕೆ ಭಾರತವೂ ಮಡಗಾಸ್ಕರೂ ಒಂದೇ ಭೂಖಂಡದ ತುಂಡುಗಳಾಗಿದ್ದವು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅವು ಅಗಲಿದವು. ಅಂದಿನಿಂದ ಆ ದ್ವೀಪ ಒಂಟಿ. ಲೀಮರುಗಳ ಪೂರ್ವಜರು ಅನಂತರದ ಕಾಲದಲ್ಲಿ ಆಫ್ರಿಕದ ಕಡೆಯಿಂದ, ಪ್ರಾಯಶಃ ತೇಲಿಬಂದ ಮರಗಿಡಗಳ ರಾಶಿಯ ಮೇಲೆ, ಅಲ್ಲಿಗೆ ಸೇರಿದವೆಂದು ವಿದ್ವಾಂಸರ ಅಭಿಪ್ರಾಯ. ಮಂಗಗಳ ಪೈಪೋಟಿಯಿಲ್ಲದ ಆ ನೆಲದಲ್ಲಿ ಅವು ನೂರಕ್ಕೂ ಹೆಚ್ಚು ಪ್ರಭೇದಗಳಾಗಿ ಕವಲೊಡೆದವು.

‘ಲೀಮರ್’ ಎಂಬ ಹೆಸರಿಗೂ ನಮ್ಮ ಕಡೆಗೂ ಒಂದು ನಂಟಿದೆ. ಲ್ಯಾಟಿನ್ ಭಾಷೆಯಲ್ಲಿ ‘ಲೆಮುರೆಸ್’ ಎಂದರೆ ರಾತ್ರಿ ಅಲೆಯುವ ಪ್ರೇತಗಳು. ಸ್ವೀಡನ್ನಿನ ಲಿನೀಯಸ್ 1758ರ ತನ್ನ ಗ್ರಂಥದಲ್ಲಿ ‘ಲೀಮರ್’ ಎಂಬ ಜಾತಿಯೊಳಗೆ ಸೇರಿಸಿದ ಪ್ರಾಣಿಗಳಲ್ಲಿ ನಮ್ಮ ಕುರುಚಲು ಕಾಡುಗಳಲ್ಲಿರುವ ಕಾಡುಪಾಪದ ಹತ್ತಿರದ ಬಂಧುವೂ ಇತ್ತು. ದುಂಡು ಕಣ್ಣು, ಸದ್ದಿಲ್ಲದ ನಡೆ, ರಾತ್ರಿಯ ಸಂಚಾರ. ಪ್ರೇತವೆನಿಸಲು ಇಷ್ಟು ಸಾಲದೆ? ಮುಂದೆ ಕಾಡುಪಾಪದ ಬಳಗ ಬೇರೆಯಾಯಿತು. ಹೆಸರು ಮಾತ್ರ ಮಡಗಾಸ್ಕರಿನ ಪ್ರಾಣಿಗಳಿಗೆ ಉಳಿಯಿತು.

ಈಗ ಐ-ಐಯ ವಿಷಯ. ಇದನ್ನು ಯುರೋಪಿನ ವಿದ್ವಾಂಸರಿಗೆ ಪರಿಚಯಿಸಿದವನು ಫ್ರೆಂಚ್ ಪ್ರವಾಸಿ ಪಿಯರ್ ಸೊನೆರಾ. ಅವನು ಭಾರತದಲ್ಲಿಯೂ ಸುತ್ತಾಡಿದವನು. ನಮ್ಮ ಪಶ್ಚಿಮಘಟ್ಟದ ಬೂದುಬಣ್ಣದ ಕಾಡುಕೋಳಿಯ ಶಾಸ್ತ್ರೀಯ ನಾಮದಲ್ಲಿ ಅವನ ಹೆಸರೇ ಇದೆ. 1782ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಐ-ಐಯ ವರ್ಣನೆ ಬಂದಿತು. ಆ ಪ್ರಾಣಿಯನ್ನು ಕಂಡ ಅಲ್ಲಿಯ ಜನ ಅಚ್ಚರಿಯಿಂದ ‘ಐ, ಐ’ ಎಂದು ಉದ್ಗರಿಸಿದರು, ಅದೇ ಹೆಸರಾಯಿತು ಎಂದು ಹೇಳುವುದುಂಟು.

ಪ್ರಾಣಿ ದೊರೆಯಿತು, ಇಡುವುದು ಯಾವ ವರ್ಗದಲ್ಲಿ? ಬಾಚಿಹಲ್ಲು ನೋಡಿದರೆ ಇಲಿ ಅಳಿಲುಗಳದರಂತೆ ಜೀವಮಾನವೆಲ್ಲ ಬೆಳೆಯುವಂಥದು. ಬಾಲ ಪೊದೆಯಂತೆ. ಕಿವಿ ಬಾವಲಿಯ ಕಿವಿಯಂತೆ ತೆಳುವಾಗಿ ಅಗಲ. ತೂಕ ಸುಮಾರು 2.5 ಕಿಲೋಗ್ರಾಂ. ಎಲ್ಲಕ್ಕಿಂತ ವಿಚಿತ್ರವಾದದ್ದು ಮುಂಗೈಯ ನಡುಬೆರಳು: ಒಣಗಿದ ಕಡ್ಡಿಯಂತೆ ಸಣ್ಣಗಿದ್ದು, ಬುಡದಲ್ಲಿ ನಮ್ಮ ಭುಜದ ಕೀಲಿನಂತೆ ಎಲ್ಲ ಕಡೆಗೂ ತಿರುಗುತ್ತದೆ. 1788ರಲ್ಲಿ ಜರ್ಮನಿಯ ಗ್ಮೆಲಿನ್ ಹಲ್ಲನ್ನೇ ಪ್ರಮಾಣವೆಂದು ಭಾವಿಸಿ ಇದನ್ನು ಅಳಿಲಿನ ಜಾತಿಗೆ ಸೇರಿಸಿದ. 1795ರಲ್ಲಿ ಫ್ರಾನ್ಸಿನ ಜಿಯೋಫ್ರಾ ಸೇಂತಿಲೇರ್ ಇದಕ್ಕೆ ಪ್ರತ್ಯೇಕ ಜಾತಿಯನ್ನು ಕಲ್ಪಿಸಿ, ಹಿರಿಯ ವಿದ್ವಾಂಸ ದೊಬಾಂತೋನನ ಗೌರವಾರ್ಥವಾಗಿ ‘ಡಾಬೆಂಟೋನಿಯ’ ಎಂದು ಹೆಸರಿಟ್ಟ. ಆದರೂ ಇದು ದಂಶಕವೋ ಲೀಮರೋ ಎಂಬ ವಾದ ಅನೇಕ ದಶಕಗಳ ಕಾಲ ಮುಗಿಯಲಿಲ್ಲ. 1863ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಅದರ ಅಂಗರಚನೆಯನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದ ಮೇಲೆ ಸಂಶಯ ಬಹುಮಟ್ಟಿಗೆ ತೀರಿತು. ಕಣ್ಣುಗುಳಿಯ ಹಿಂಬದಿಯನ್ನು ಸುತ್ತುವ ಎಲುಬಿನ ಪಟ್ಟಿ, ಮಿಕ್ಕ ಬೆರಳುಗಳಿಗೆದುರಾಗಿ ನಿಲ್ಲುವ ಕಾಲಿನ ಹೆಬ್ಬೆರಳು, ಅದರ ಮೇಲೆ ಪಂಜವಲ್ಲದ ಚಪ್ಪಟೆ ಉಗುರು — ಇವು ಅಳಿಲಿನ ಲಕ್ಷಣಗಳಲ್ಲ; ಮಂಗ ಮನುಷ್ಯರನ್ನೊಳಗೊಂಡ ಪ್ರೈಮೇಟ್ ಗಣದ ಲಕ್ಷಣಗಳು.

ಹಾಗಾದರೆ ಅಳಿಲಿನ ಹಲ್ಲು ಲೀಮರಿನ ಬಾಯಿಗೆ ಬಂದದ್ದು ಹೇಗೆ? ಉತ್ತರ ಅದರ ಕಸುಬಿನಲ್ಲಿದೆ. ಮಡಗಾಸ್ಕರಿನಲ್ಲಿ ಮರಕುಟಿಗ ಹಕ್ಕಿಯಿಲ್ಲ. ತೊಗಟೆಯೊಳಗೆ ಅಡಗಿದ ಹುಳುಗಳನ್ನು ತಿನ್ನುವ ಆ ಖಾಲಿ ಉದ್ಯೋಗವನ್ನು ಐ-ಐ ವಹಿಸಿಕೊಂಡಿತು. ರಾತ್ರಿ ಕೊಂಬೆಯ ಮೇಲೆ ಕುಳಿತು ನಡುಬೆರಳಿನಿಂದ ಟಕಟಕನೆ ಬಡಿಯುತ್ತದೆ. ಅಗಲವಾದ ಕಿವಿಯೊಡ್ಡಿ ಒಳಗಿನ ಟೊಳ್ಳಿನ ದನಿಯನ್ನು ಆಲಿಸುತ್ತದೆ. ಬಾಚಿಹಲ್ಲಿನಿಂದ ಮರವನ್ನು ಕೊರೆದು, ಅದೇ ಬೆರಳನ್ನು ತೂರಿಸಿ ಹುಳುವನ್ನು ಎಳೆಯುತ್ತದೆ. ಒಂದೇ ಕಸುಬು ಮಾಡುವ ದೂರದವರಿಗೆ ಒಂದೇ ಬಗೆಯ ಹತಾರ ಬರುತ್ತದೆ. ಹತಾರವನ್ನು ಕಂಡು ಕುಲವನ್ನು ನಿರ್ಣಯಿಸಿದ್ದೇ ಗ್ಮೆಲಿನ್ನನ ತಪ್ಪು. ಭಾಷಾಶಾಸ್ತ್ರದಲ್ಲಿಯೂ ಈ ಎಚ್ಚರವುಂಟು: ಎರಡು ಭಾಷೆಗಳಲ್ಲಿ ಒಂದಿಷ್ಟು ಪದಗಳು ಒಂದೇ ಆದುವೆಂದು ಅವುಗಳನ್ನು ಒಡಹುಟ್ಟಿದವೆನ್ನಲಾಗದು, ವ್ಯಾಕರಣದ ಎಲುಬನ್ನು ನೋಡಬೇಕು.

ಇಂದಿನ ತಳಿಶಾಸ್ತ್ರ ಓವೆನ್ನನ ಮಾತನ್ನು ಸಮರ್ಥಿಸಿ ಮುಂದಕ್ಕೆ ಒಯ್ದಿದೆ. ಲೀಮರುಗಳ ವಂಶವೃಕ್ಷದಲ್ಲಿ ಮೊಟ್ಟಮೊದಲು ಕವಲೊಡೆದ ಶಾಖೆ ಐ-ಐಯದು. ಮಿಕ್ಕವುಗಳಿಂದ ಅದು ಅಗಲಿ 5 ಕೋಟಿ ವರ್ಷಗಳಿಗೂ ಮೇಲಾಯಿತು. ಅದರ ಕುಟುಂಬದಲ್ಲಿ ಒಂದೇ ಜಾತಿ, ಆ ಜಾತಿಯಲ್ಲಿ ಇಂದು ಒಂದೇ ಪ್ರಭೇದ. ಇದಕ್ಕಿಂತ ದೊಡ್ಡದಾದ ಇನ್ನೊಂದು ಪ್ರಭೇದವಿತ್ತು. ಮನುಷ್ಯ ದ್ವೀಪಕ್ಕೆ ಬಂದ ಅನಂತರ ಅದು ಅಳಿಯಿತು. ಐ-ಐಗೆ ಅಣ್ಣತಮ್ಮಂದಿರಿಲ್ಲ, ದಾಯಾದಿಗಳೂ ಇಲ್ಲ.

ಇನ್ನು ಹಕ್ಕಿಯ ಕಡೆಗೆ ಬರೋಣ. ಮಡಗಾಸ್ಕರ್ ಪೋಚಾರ್ಡನ್ನು ವರ್ಗೀಕರಿಸಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕಂಡ ಕೂಡಲೇ ಬಾತು ಎಂದು ತಿಳಿಯುವ ಹಕ್ಕಿ ಅದು. ನೀರಿನೊಳಕ್ಕೆ ಮುಳುಗಿ ಹುಳುಹುಪ್ಪಟೆಗಳನ್ನು ಹುಡುಕಿ ತಿನ್ನುವ ಬಾತುಗಳದೊಂದು ಜಾತಿಯುಂಟು, ಹೆಸರು ‘ಐಥಿಯ’. ಅದರಲ್ಲಿ ಇಂದು ಜೀವಿಸಿರುವ ಪ್ರಭೇದಗಳು 12. ಚಳಿಗಾಲದಲ್ಲಿ ಉತ್ತರದ ನಾಡುಗಳಿಂದ ನಮ್ಮ ಕೆರೆಗಳಿಗೆ ವಲಸೆ ಬರುವ ಕೆಂಪುತಲೆಯ ಪೋಚಾರ್ಡ್ ಇದೇ ಜಾತಿಯದು. ಐಥಿಯವನ್ನೊಳಗೊಂಡ ಬಾತು ಹಂಸಗಳ ಕುಟುಂಬದಲ್ಲಿ ಸುಮಾರು 170 ಪ್ರಭೇದಗಳಿವೆ. ಮಡಗಾಸ್ಕರಿನ ಈ ಬಾತಿಗೆ 1894ರಲ್ಲಿ ಇಟಲಿಯ ಸಾಲ್ವದೋರಿ ‘ಐಥಿಯ ಇನ್ನೊಟಾಟ’ ಎಂದು ನಾಮಕರಣ ಮಾಡಿದ. ‘ಇನ್ನೊಟಾಟ’ ಎಂದರೆ ಗುರುತಿಲ್ಲದ್ದು ಎಂದರ್ಥ. ಕಂದುಗೆಂಪು ಮೈ, ಗಂಡಿಗೆ ಬಿಳಿಯ ಕಣ್ಣು. ಇದರ ಹೊರತು ಕಣ್ಣಿಗೆ ಹೊಡೆಯುವಂಥದು ಅದರಲ್ಲಿ ಏನೂ ಇಲ್ಲ. ಹೆಸರು ಅದರ ಹಣೆಬರಹವನ್ನೂ ಹೇಳಿದಂತಾಯಿತು.

ಈ ಬಾತಿನ ಹೆಸರುವಾಸಿಯಾದ ನೆಲೆ ಅಲಾವುತ್ರ ಸರೋವರ. ಅದು ಮಡಗಾಸ್ಕರಿನ ಅತ್ಯಂತ ದೊಡ್ಡ ಸರೋವರ. ಅದರ ಸುತ್ತಣ ಬಯಲು ಆ ದೇಶದ ಬತ್ತದ ಕಣಜ. ಜನಸಂಖ್ಯೆ ಬೆಳೆದಂತೆ ಜೊಂಡಿನ ಜೌಗು ಗದ್ದೆಯಾಯಿತು. ಸುತ್ತಲ ಗುಡ್ಡಗಳ ಮರ ಹೋಗಿ ಮಣ್ಣು ಕೊಚ್ಚಿಬಂದು ಸರೋವರದಲ್ಲಿ ಹೂಳು ತುಂಬಿತು. ಆಹಾರಕ್ಕೆಂದು ಹೊರಗಿನಿಂದ ತಂದುಬಿಟ್ಟ ಮೀನುಗಳು ನೀರಿನ ಸಸ್ಯಗಳನ್ನೂ ಹುಳುಗಳನ್ನೂ ಬರಿದು ಮಾಡಿದವು. ಮೀನಿಗೆಂದು ಹಾಸಿದ ಬಲೆಗಳಲ್ಲಿ ಮುಳುಗುವ ಹಕ್ಕಿಗಳು ಸಿಕ್ಕಿ ಸತ್ತವು. ಬೇಟೆಯಂತೂ ಇದ್ದೇ ಇತ್ತು. ಇವುಗಳಲ್ಲಿ ಯಾವುದೂ ಬಾತನ್ನು ಕೊಲ್ಲಬೇಕೆಂದು ಹೂಡಿದ ಸಂಚಲ್ಲ. ಅಕ್ಕಿ ಬೇಕಿತ್ತು, ಮೀನು ಬೇಕಿತ್ತು; ಬಾತು ಇದೆಯೇ ಇಲ್ಲವೇ ಎಂದು ಯಾರೂ ಕೇಳಲಿಲ್ಲ. 1991ರಲ್ಲಿ ಅಲಾವುತ್ರದಲ್ಲಿ ಒಂದು ಗಂಡು ಬಾತು ಬಲೆಗೆ ಸಿಕ್ಕಿತು. ಅದನ್ನು ರಾಜಧಾನಿ ಅಂತನನರಿವುವಿನ ಸಸ್ಯೋದ್ಯಾನದಲ್ಲಿ ಸಾಕಲಾಯಿತು. ಒಂದು ವರ್ಷದ ಮೇಲೆ ಅದು ಸತ್ತಿತು. ಅನಂತರ ಹುಡುಕಿದವರಿಗೆ ಇನ್ನೊಂದು ಕಾಣಲಿಲ್ಲ.

ಹದಿನೈದು ವರ್ಷ ಕಳೆಯಿತು. 2006ರಲ್ಲಿ ಮಡಗಾಸ್ಕರಿನ ಪಕ್ಷಿತಜ್ಞ ಲಿಲಿ-ಅರಿಸನ್ ರೆನೆ ದ ರೋಲಾಂಡ್ ಮತ್ತು ಅವರ ಸಂಗಡಿಗರು ಉತ್ತರದ ದುರ್ಗಮ ಪ್ರದೇಶದಲ್ಲಿ ಒಂದು ಜಾತಿಯ ಸೆಳೆವಕ್ಕಿಯನ್ನು ಹುಡುಕುತ್ತಿದ್ದಾಗ, ಜ್ವಾಲಾಮುಖಿಯ ಬಾಯಿಯಲ್ಲಿ ನೀರು ನಿಂತು ಆದ ಒಂದು ಸಣ್ಣ ಸರೋವರದಲ್ಲಿ ಈ ಬಾತುಗಳನ್ನು ಕಂಡರು. ಬೆಳೆದವು 9, ಮರಿಗಳು 4. ಒಂದು ಪ್ರಭೇದದ ಲೋಕವೆಲ್ಲ ಆ ಒಂದು ಕೊಳದ ಸುತ್ತಮುತ್ತ ಅಡಗಿತ್ತು.

ಆ ಕೊಳ ಅವುಗಳಿಗೆ ಒಗ್ಗಿದ ಮನೆಯೂ ಆಗಿರಲಿಲ್ಲ. ನೀರು ಆಳ, ಆಹಾರ ಕಡಿಮೆ. ಮರಿಗಳಲ್ಲಿ ನೂರಕ್ಕೆ 96ರಷ್ಟು ಎರಡು ಮೂರು ವಾರಗಳಲ್ಲಿಯೇ ಸಾಯುತ್ತಿದ್ದವೆಂದೂ, ಕಾರಣ ಹಸಿವೆಂದೂ ಅಧ್ಯಯನಗಳಿಂದ ತಿಳಿಯಿತು. ಎಲ್ಲಿಯೂ ಬದುಕಲಾರದೆ ಹೋದಾಗ ಯಾರೂ ಬಾರದ ಜಾಗದಲ್ಲಿ ಅವು ಉಳಿದಿದ್ದವು, ಅಷ್ಟೆ. 2009ರಲ್ಲಿ ಡರೆಲ್ ಸಂಸ್ಥೆ, ಇಂಗ್ಲೆಂಡಿನ ಜಲಪಕ್ಷಿಗಳ ಟ್ರಸ್ಟು, ಪೆರಿಗ್ರಿನ್ ನಿಧಿ ಮತ್ತು ಮಡಗಾಸ್ಕರ್ ಸರ್ಕಾರ ಕೂಡಿ ಕಾಡಿನ ಗೂಡುಗಳಿಂದ ಮೊಟ್ಟೆಗಳನ್ನು ತಂದು ಕಾವು ಕೊಟ್ಟು ಮರಿ ಮಾಡಿಸಿದರು. ಅಂತ್ಸುಹಿಹಿ ಎಂಬ ಊರಿನಲ್ಲಿ ಸಾಕಣೆಯ ಕೇಂದ್ರವಾಯಿತು. ಅಲ್ಲಿ ಬೆಳೆದ ಹಕ್ಕಿಗಳು 2012ರಲ್ಲಿ ತಾವೇ ಮರಿ ಮಾಡಿದವು. 2018ರ ಡಿಸೆಂಬರಿನಲ್ಲಿ ಸೋಫಿಯಾ ಎಂಬ ಇನ್ನೊಂದು ಸರೋವರದ ಮೇಲೆ ತೇಲುವ ಪಂಜರಗಳನ್ನು ಕಟ್ಟಿ, 21 ಬಾತುಗಳನ್ನು ನೀರಿಗೆ ರೂಢಿ ಮಾಡಿಸಿ ಬಿಡಲಾಯಿತು. ಅನಂತರ ಅಲ್ಲಿ ಅವು ಸ್ವತಂತ್ರವಾಗಿ ಮರಿ ಮಾಡಿವೆ.

ಐ-ಐಯ ಚರಿತ್ರೆಯಲ್ಲಿಯೂ ಇಂಥದೇ ಒಂದು ಪ್ರಕರಣವಿದೆ. 1933ರ ಹೊತ್ತಿಗೆ ಅದು ನಶಿಸಿತೆಂದು ಭಾವಿಸಲಾಗಿತ್ತು. 1957ರಲ್ಲಿ ಮತ್ತೆ ಕಾಣಿಸಿತು. 1966ರಲ್ಲಿ ಫ್ರಾನ್ಸಿನ ಜಾನ್-ಜಾಕ್ ಪೆತೆರ್ ಮುಂತಾದವರು ಕಾಡಿನಿಂದ 9 ಐ-ಐಗಳನ್ನು ಹಿಡಿದು, ಈಶಾನ್ಯ ತೀರದ ಬಳಿಯ ನೋಸಿ ಮಂಗಬೆ ಎಂಬ ಕಿರುದ್ವೀಪಕ್ಕೆ ಸಾಗಿಸಿದರು. ಇಡೀ ಪ್ರಭೇದಕ್ಕೆ ಅದೇ ಕೊನೆಯ ಆಸರೆಯೆಂದು ಆಗಿನವರು ನಂಬಿದ್ದರು. ಮುಂದೆ ನಡೆದ ಶೋಧನೆಗಳಲ್ಲಿ ಐ-ಐ ದ್ವೀಪದ ಬಹುಭಾಗದಲ್ಲಿ, ಎಲ್ಲ ಲೀಮರುಗಳಿಗಿಂತ ವಿಸ್ತಾರವಾಗಿ, ಆದರೆ ಬಹಳ ತೆಳುವಾಗಿ ಹರಡಿದೆಯೆಂದು ತಿಳಿದುಬಂತು. ಒಂದು ಗಂಡು ಸುತ್ತಾಡುವ ಕಾಡು ನೂರು ಹೆಕ್ಟೇರಿಗೂ ಹೆಚ್ಚು. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಒಂದು ಸತ್ತರೆ ಆ ಜಾಗ ತುಂಬಲು ಬಹುಕಾಲ ಬೇಕು.

ಕೆಂಪು ಪಟ್ಟಿಯಲ್ಲಿ ಇವೆರಡರ ಸ್ಥಾನವೇನು? ಬಾತು ‘ಅಳಿವಿನಂಚಿನ ತೀವ್ರ ಅಪಾಯದಲ್ಲಿರುವ’ ವರ್ಗದಲ್ಲಿದೆ. ಐ-ಐ ಅದಕ್ಕಿಂತ ಒಂದು ಮೆಟ್ಟಿಲು ಈಚೆಗೆ, ‘ಅಪಾಯದಲ್ಲಿರುವ’ ವರ್ಗದಲ್ಲಿದೆ. ಬಾತಿನ ವಿಷಯದಲ್ಲಿ ನಿರ್ಣಾಯಕವಾದದ್ದು ಉಳಿದ ಹಕ್ಕಿಗಳ ಅಲ್ಪಸಂಖ್ಯೆ; ಪ್ರಾಯಕ್ಕೆ ಬಂದ ಜೀವಿಗಳು 50ಕ್ಕಿಂತ ಕಡಿಮೆಯಾದರೆ ಸಾಕು, ಆ ವರ್ಗಕ್ಕೆ ಸೇರುತ್ತವೆ. ಐ-ಐಯ ವಿಷಯದಲ್ಲಿ ಮುಖ್ಯವಾದದ್ದು ಇಳಿಮುಖದ ವೇಗ. ಕಾಡು ಕರಗುವುದರಿಂದಲೂ ಬೇಟೆಯಿಂದಲೂ ಮೂರು ತಲೆಮಾರುಗಳಲ್ಲಿ ಅದರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆಂಬ ಅಂದಾಜು. ಈ ಪಟ್ಟಿ ಸಂಖ್ಯೆಯನ್ನು ಕೇಳುತ್ತದೆ, ನೆಲೆಯ ವಿಸ್ತಾರವನ್ನು ಕೇಳುತ್ತದೆ, ವೇಗವನ್ನು ಕೇಳುತ್ತದೆ. ನಿನಗೆ ನೆಂಟರಿದ್ದಾರೆಯೇ ಎಂದು ಮಾತ್ರ ಕೇಳುವುದಿಲ್ಲ. ಈ ಕೊರತೆಯನ್ನು ಕಂಡು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘ 2007ರಲ್ಲಿ ‘ಎಡ್ಜ್’ ಎಂಬ ಯೋಜನೆಯನ್ನು ಆರಂಭಿಸಿತು. ವಂಶವೃಕ್ಷದಲ್ಲಿ ಜೀವಿ ಎಷ್ಟು ಒಂಟಿ ಎಂಬುದನ್ನೂ ಅದಕ್ಕೊದಗಿದ ಅಪಾಯವನ್ನೂ ಕೂಡಿಸಿ ಗುಣಿಸುವ ಲೆಕ್ಕ ಅದು. ಆ ಲೆಕ್ಕದಲ್ಲಿ ಸ್ತನಿಗಳ ಮೇಲ್ಸಾಲಿನಲ್ಲಿ ಐ-ಐ ನಿಲ್ಲುತ್ತದೆ.

ಕನ್ನಡದ ಹಳೆಯ ಹಸ್ತಪ್ರತಿಗಳನ್ನು ಬಲ್ಲವರಿಗೆ ಈ ಎರಡು ಲೆಕ್ಕಗಳು ಹೊಸವಲ್ಲ. ಒಂದು ಚಂಪೂಕಾವ್ಯಕ್ಕೆ ಒಂದೇ ಓಲೆಪ್ರತಿ ಉಳಿದಿರಬಹುದು. ಅದು ಸುಟ್ಟರೆ ಆ ಕೃತಿ ಹೋಯಿತು, ಆದರೆ ಚಂಪೂ ಎಂಬ ಪ್ರಕಾರ ಉಳಿಯುತ್ತದೆ. ಇನ್ನೊಂದು ಗ್ರಂಥಕ್ಕೆ ಹತ್ತು ಪ್ರತಿಗಳಿರಬಹುದು. ಆದರೆ ಆ ಬಗೆಯ ಗ್ರಂಥವೇ ಬೇರೊಂದಿಲ್ಲ. ಮೊದಲನೆಯದು ಬಾತು, ಎರಡನೆಯದು ಐ-ಐ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇಂದು ಇಲ್ಲ, ಬೇರೆಯವರು ಉದ್ಧರಿಸಿಕೊಂಡ ಕೆಲವು ಪದ್ಯಗಳಿಂದ ಅವು ಇದ್ದುವೆಂದು ತಿಳಿಯುತ್ತದೆ. ಕಾವ್ಯಗಳು ಬೇಕಾದಷ್ಟಿವೆಯಲ್ಲ ಎಂದು ಆ ನಷ್ಟಕ್ಕೆ ಯಾರಾದರೂ ಸಮಾಧಾನ ಹೇಳಿಕೊಂಡಾರೆಯೇ?

ನೆಂಟರಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲ ಎಂಬುದಕ್ಕೆ ಅಲಾವುತ್ರದಲ್ಲಿಯೇ ಸಾಕ್ಷಿಯುಂಟು. ಅಲ್ಲಿ ನಮ್ಮ ಕೆರೆಗಳ ಗುಳುಮುಳುಕನ ಹತ್ತಿರದ ಬಂಧುವಾದ ಒಂದು ಹಕ್ಕಿಯಿತ್ತು. ಅದರ ಕೊನೆಯ ನಂಬಲರ್ಹ ದರ್ಶನ 1985ರಲ್ಲಿ. 2010ರಲ್ಲಿ ಅದು ನಶಿಸಿತೆಂದು ಘೋಷಿಸಲಾಯಿತು. ಬಾತಿಗೆ ಒದಗಿದ ಕಾರಣಗಳೇ ಅದಕ್ಕೂ ಒದಗಿದವು. ಜೊತೆಗೆ ಸಾಮಾನ್ಯ ಗುಳುಮುಳುಕನೊಡನೆ ಕೂಡಿ ಸಂಕರವಾಗಿ, ಅಳಿದುಳಿದ ಅದರ ರೂಪವೂ ಕರಗಿತು. ನೆಂಟಸ್ತನವೇ ಅದನ್ನು ನುಂಗಿತು ಎನ್ನಬಹುದು.

ಇಲ್ಲಿಯವರೆಗೆ ಹೇಳಿದ್ದು ವಿದ್ವಾಂಸರ ವರ್ಗೀಕರಣ. ಹಳ್ಳಿಯವರದೂ ಒಂದು ವರ್ಗೀಕರಣವಿದೆ. ಪ್ರಾಣಿಗಳ ಪಾಲಿಗೆ ಅದೇ ಹೆಚ್ಚು ನಿರ್ಣಾಯಕ. ಮಡಗಾಸ್ಕರಿನ ಜನಜೀವನದಲ್ಲಿ ‘ಫಾದಿ’ ಎಂಬ ಕಟ್ಟಳೆಗಳುಂಟು. ನಮ್ಮಲ್ಲಿ ‘ಅದು ಆಗಿಬರುವುದಿಲ್ಲ’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಅರ್ಥ. ಹಲವು ಕಡೆಗಳಲ್ಲಿ ಐ-ಐ ಅಪಶಕುನದ ಪ್ರಾಣಿ. ಅದು ತನ್ನ ಸಣ್ಣ ಬೆರಳನ್ನು ಯಾರ ಕಡೆಗೆ ಚಾಚುತ್ತದೆಯೋ ಅವರಿಗೆ ಮರಣವೆಂಬ ನಂಬಿಕೆಯುಂಟು. ಕಂಡ ಕೂಡಲೇ ಕೊಂದು, ಕೇಡು ಕಳೆಯಲೆಂದು ಹೆಣವನ್ನು ದಾರಿಯ ಬದಿಯಲ್ಲಿ ನೇತುಹಾಕುವ ರೂಢಿಯೂ ಕೆಲವೆಡೆ ಇದೆ. ಹುಳು ತೆಗೆಯುವ ಬೆರಳು ಯಮನ ಬೆರಳಾಯಿತು. ಇದನ್ನು ಕೇಳಿ ನಾವು ಮೂಗು ಮುರಿಯುವಂತಿಲ್ಲ. ನಮ್ಮ ಕಾಡುಪಾಪವೂ ಅಪಶಕುನವೆಂಬ ಹೆಸರು ಹೊತ್ತಿದೆ. ಮಾಟಮಂತ್ರಗಳಿಗಾಗಿ ಅದನ್ನು ಹಿಡಿದು ಹಿಂಸಿಸುವವರು ನಮ್ಮಲ್ಲಿಯೇ ಇದ್ದಾರೆ.

ಎರಡನ್ನೂ ಹೋಲಿಸಿದಾಗ ನನಗೆ ಮುಖ್ಯವೆಂದು ತೋರಿದ ಸಂಗತಿ ಇಲ್ಲಿದೆ. ಐ-ಐಗೆ ಯಾವ ವರ್ಗವೂ ಹೊಂದಲಿಲ್ಲ. ಆದ್ದರಿಂದ ಜನ ಅದನ್ನು ಪ್ರೇತವರ್ಗಕ್ಕೆ ಸೇರಿಸಿ ಕೊಂದರು. ಬಾತು ತನ್ನ ವರ್ಗದಲ್ಲಿ ಸಲೀಸಾಗಿ ಹೊಂದಿಕೊಂಡಿತು. ಆದ್ದರಿಂದ ಅದು ಕಾಣೆಯಾಗುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಒಂದಕ್ಕೆ ಅಸಾಮಾನ್ಯತೆ ಮುಳುವಾಯಿತು, ಇನ್ನೊಂದಕ್ಕೆ ಸಾಮಾನ್ಯತೆ. ಜೀವಿಯನ್ನು ನಾವು ಎಲ್ಲಿ ಇಡುತ್ತೇವೆ ಎಂಬುದು ಬರಿಯ ಗ್ರಂಥದ ಮಾತಲ್ಲ. ಅದನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಹಣ ಸ್ವಲ್ಪ, ಜನ ಸ್ವಲ್ಪ. ಯಾವುದನ್ನು ಮೊದಲು ಉಳಿಸಬೇಕು? ಸಂಖ್ಯೆ ನೋಡಿದರೆ ಬಾತು, ಕುಲ ನೋಡಿದರೆ ಐ-ಐ. ಅಳಿದರೆ ಆಗುವ ನಷ್ಟವೆಷ್ಟು ಎಂಬುದನ್ನು ವರ್ಗೀಕರಣ ಹೇಳುತ್ತದೆ; ಅಳಿಯಲು ಉಳಿದ ಕಾಲವೆಷ್ಟು ಎಂಬುದನ್ನು ಎಣಿಕೆ ಹೇಳುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಬೆಂಕಿ ಬಿದ್ದ ಭಂಡಾರದಿಂದ ಯಾವ ಪ್ರತಿಯನ್ನು ಹೊರಗೆ ತರಬೇಕೆಂಬ ಚರ್ಚೆ ಬೇಕಾದದ್ದೇ. ಆದರೆ ಸೂರಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಕೆಲಸ. ಮಡಗಾಸ್ಕರಿನಲ್ಲಿ ಆ ಸೂರು ಎಂದರೆ ಕಾಡು ಮತ್ತು ಜೌಗು. ನಮ್ಮ ಮಲೆನಾಡಿನ ಹಳೆಯ ಕುಮರಿ ಬೇಸಾಯದಂಥ ‘ತಾವಿ’ಯಿಂದ ಕಾಡು ಸುಡುತ್ತಿದೆ, ಸುಡುವವನು ದುರುಳನಲ್ಲ, ಹೊಟ್ಟೆಗಿಲ್ಲದ ರೈತ. 2020ರ ಕೆಂಪು ಪಟ್ಟಿಯ ಪ್ರಕಾರ ಲೀಮರುಗಳ 107 ಪ್ರಭೇದಗಳಲ್ಲಿ 103 ಅಪಾಯಕ್ಕೆ ಸಿಕ್ಕಿವೆ. ಇಷ್ಟು ಪ್ರಭೇದಗಳನ್ನು ಪಂಜರದಲ್ಲಿ ಸಾಕಿ ಉಳಿಸಲಾಗದು.

ಸೋಫಿಯಾ ಸರೋವರದಲ್ಲಿ ಬಾತುಗಳನ್ನು ಬಿಡುವ ಮೊದಲೇ ಸುತ್ತಣ ಹಳ್ಳಿಗರೊಡನೆ ಕುಳಿತು, ಮೀನುಗಾರಿಕೆಯೂ ಬೇಸಾಯವೂ ಜೌಗನ್ನು ಕೆಡಿಸದಂತೆ ನಡೆಯುವ ದಾರಿಯನ್ನು ಹುಡುಕುವ ಪ್ರಯತ್ನ ಆರಂಭವಾಗಿತ್ತು. ಬಾತಿನ ಉಳಿವಿಗೂ ಊರಿನ ಅನ್ನಕ್ಕೂ ಒಂದೇ ನೀರು ಎಂಬ ತಿಳಿವಿನಿಂದ ಹೊರಟ ಕೆಲಸ ಅದು. ಬಾತಿಗೆ ಕೊನೆಗೂ ಲೆಕ್ಕವಿಡುವವರು ದೊರೆತಿದ್ದಾರೆ. ಐ-ಐಗೆ ಆ ಭಾಗ್ಯವೂ ಪೂರ್ತಿಯಾಗಿ ಇಲ್ಲ. ಕತ್ತಲೆಯಲ್ಲಿ ಒಂಟಿಯಾಗಿ ತಿರುಗುವ ಪ್ರಾಣಿಯನ್ನು ಎಣಿಸುವುದು ಕಷ್ಟ. ಹಲ್ಲಿನಿಂದ ಕೊರೆದ ಮರದ ಗುರುತುಗಳನ್ನು ನೋಡಿಯೇ ಅದು ಅಲ್ಲಿದೆಯೆಂದು ಬಹಳ ಮಟ್ಟಿಗೆ ಊಹಿಸಬೇಕಾಗಿದೆ. ಹೊಸ ಗುರುತುಗಳು ಕಾಣುವವರೆಗೆ ಅದು ಇದೆ. ಆ ಮರಗಳು ನಿಂತಿದ್ದರೆ ಮಾತ್ರ ಗುರುತು.